ಗಾಳದ ಶಾಸ್ತ್ರವನ್ನೇ ಪ್ರಶ್ನಿಸಿದ ವಕೀಲ: ಜಿ.ಇ.ಎಂ. ಸ್ಕ್ಯೂಸ್

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿರುವ ಹ್ಯಾಂಪ್‌ಶೈರ್ ಪ್ರಾಂತ್ಯದಲ್ಲಿ ವಿಂಚೆಸ್ಟರ್ ಎಂಬ ಪುರಾತನ ಪಟ್ಟಣವಿದೆ. ಅದರ ಮಗ್ಗುಲಲ್ಲಿ ಹರಿಯುವ ಇಚೆನ್ ನದಿ ನಮ್ಮ ಮಲೆನಾಡಿನ ಒಂದು ಹೊಳೆಯಷ್ಟು ಮಾತ್ರ ಅಗಲ. ಆದರೆ ಗಾಳ ಹಾಕುವುದನ್ನೇ ಒಂದು ವಿದ್ಯೆಯೆಂದು ಭಾವಿಸುವ ಜಗತ್ತಿನ ಹವ್ಯಾಸಿಗಳಿಗೆ ಅದು ತೀರ್ಥಕ್ಷೇತ್ರವಿದ್ದಂತೆ. ಈ ನದಿಯ ಒಂದು ಚಿಕ್ಕ ಹರವಿನಲ್ಲಿ ಐದು ದಶಕಕ್ಕೂ ಹೆಚ್ಚು ಕಾಲ ಗಾಳ ಹಾಕಿದ ಲಂಡನ್ನಿನ ವಕೀಲರೊಬ್ಬರು, ತಮ್ಮ ಕಾಲದ ಸರ್ವಮಾನ್ಯ ಶಾಸ್ತ್ರವನ್ನು ಪ್ರಶ್ನಿಸಿದರು. ಆ ಪ್ರಶ್ನೆಗೆ ಅವರು ತೆತ್ತ ಬೆಲೆ, ತಾವು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ಅದೇ ನದಿ.

ಅವರ ಹೆಸರು ಜಾರ್ಜ್ ಎಡ್ವರ್ಡ್ ಮೆಕೆಂಜಿ ಸ್ಕ್ಯೂಸ್. ಮೀನು ಹಿಡಿಯುವವರ ವಲಯದಲ್ಲಿ ಜಿ.ಇ.ಎಂ. ಸ್ಕ್ಯೂಸ್ ಎಂದೇ ಪ್ರಸಿದ್ಧರು.

ಸೀಮೆಸುಣ್ಣದ ಹೊಳೆಗಳು

ಸ್ಕ್ಯೂಸ್ ಅವರ ಬದುಕನ್ನು ಅರಿಯಲು ಅವರ ಹವ್ಯಾಸದ ಸ್ವರೂಪವನ್ನು ಮೊದಲು ತಿಳಿಯಬೇಕು. ಫ್ಲೈ ಫಿಶಿಂಗ್ ಎಂದರೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ಮೀನು ಹಿಡಿಯುವ ಪದ್ಧತಿಯಲ್ಲ. ಇಲ್ಲಿ ಕೊಕ್ಕೆಯ ಸುತ್ತ ಹುಂಜದ ಕತ್ತಿನ ಗರಿ, ರೇಷ್ಮೆ ದಾರ, ಉಣ್ಣೆಯ ಎಳೆಗಳನ್ನು ಸುತ್ತಿ ನೊಣದಂತಹ ಕೃತಕ ಕೀಟವೊಂದನ್ನು ಕಟ್ಟುತ್ತಾರೆ. ಉದ್ದನೆಯ ಬಾಗುವ ಕೋಲಿನಿಂದ ಹಗ್ಗವನ್ನು ಬೀಸಿ, ಆ ಹಗುರವಾದ ನೊಣವನ್ನು ಮೀನಿನ ಮುಂದೆ ಇಳಿಸುತ್ತಾರೆ. ಹೊಟ್ಟೆಪಾಡಿಗಿಂತ ಹೆಚ್ಚಾಗಿ ಇದು ಕೌಶಲದ ಆಟ.

ಇಚೆನ್ ಮತ್ತು ಅದರ ನೆರೆಯ ಟೆಸ್ಟ್ ನದಿಗಳು ಸೀಮೆಸುಣ್ಣದ ಬಂಡೆಗಳ ಪದರಗಳಲ್ಲಿ ಇಂಗಿದ ಮಳೆನೀರು ಬುಗ್ಗೆಯಾಗಿ ಉಕ್ಕಿ ಹರಿಯುವ ಹೊಳೆಗಳು. ಕಲ್ಲಿನಲ್ಲಿ ಸೋಸಿ ಬರುವುದರಿಂದ ಆ ನೀರು ಗಾಜಿನಂತೆ ತಿಳಿ. ವರ್ಷವಿಡೀ ಅದರ ಉಷ್ಣಾಂಶದಲ್ಲಿ ಹೆಚ್ಚಿನ ಏರುಪೇರಿಲ್ಲ. ಸುಣ್ಣದ ಅಂಶದಿಂದಾಗಿ ಜಲಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳಲ್ಲಿ ಕೀಟಗಳು ಅಪಾರ. ಕೀಟಗಳಿರುವಲ್ಲಿ ಟ್ರೌಟ್ ಮೀನುಗಳು ಕೊಬ್ಬುತ್ತವೆ. ದಡದಲ್ಲಿ ನಿಂತವನಿಗೆ ಮೀನು ಕಾಣುತ್ತದೆ. ಮೀನಿಗೂ ಅವನು ಕಾಣುತ್ತಾನೆ. ಆದ್ದರಿಂದಲೇ ಇಲ್ಲಿ ಮೀನು ಹಿಡಿಯುವುದು ಕಷ್ಟ.

ಶಾಸ್ತ್ರಕಾರ ಹಾಲ್‌ಫರ್ಡ್

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಇಂಗ್ಲೆಂಡಿನಲ್ಲಿ ನೀರಿನೊಳಗೆ ಮುಳುಗುವ ನೊಣವನ್ನು ಹಾಕುವುದೇ ವಾಡಿಕೆಯಾಗಿತ್ತು. ಹಲವರು ಅದನ್ನು ಪ್ರವಾಹದ ದಿಕ್ಕಿಗೆ ಬೀಸಿ, ಮೀನು ಎಲ್ಲಿದೆಯೆಂದು ನೋಡದೆಯೇ ಅದೃಷ್ಟಕ್ಕೆ ಬಿಟ್ಟುಬಿಡುತ್ತಿದ್ದರು. ಸೀಮೆಸುಣ್ಣದ ಹೊಳೆಗಳ ಚತುರ ಮೀನುಗಳ ಮುಂದೆ ಈ ವಿಧಾನ ಬಹುಮಟ್ಟಿಗೆ ಸೋಲುತ್ತಿತ್ತು. ಆಗ ಬಳಕೆಗೆ ಬಂದದ್ದು ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲುವ ಒಣ ನೊಣ. ಮೇಲ್ಮೈಗೆ ಬಂದು ಕೀಟ ಹಿಡಿಯುತ್ತಿರುವ ಮೀನನ್ನು ಮೊದಲು ಗುರುತಿಸಬೇಕು. ಅದರ ಹಿಂದಿನಿಂದ, ಪ್ರವಾಹಕ್ಕೆ ಎದುರಾಗಿ ಬೀಸಬೇಕು. ಅದು ತಿನ್ನುತ್ತಿರುವ ಕೀಟವನ್ನೇ ಹೋಲುವ ನೊಣವನ್ನು ಅದರ ಮೂಗಿನ ಮುಂದೆ ತೇಲಿಬಿಡಬೇಕು.

ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರು ಫ್ರೆಡರಿಕ್ ಹಾಲ್‌ಫರ್ಡ್. 1844ರಲ್ಲಿ ಜನಿಸಿದ ಈ ಶ್ರೀಮಂತ ವ್ಯಾಪಾರಿ ನಡುವಯಸ್ಸಿನಲ್ಲೇ ವ್ಯವಹಾರದಿಂದ ನಿವೃತ್ತರಾಗಿ ತಮ್ಮ ಆಯುಸ್ಸನ್ನು ಟ್ರೌಟ್ ಮೀನಿಗೆ ಮುಡಿಪಾಗಿಟ್ಟರು. ಜಾರ್ಜ್ ಸೆಲ್ವಿನ್ ಮ್ಯಾರಿಯಟ್ ಎಂಬ ಅಸಾಧಾರಣ ಗಾಳಗಾರರ ನೆರವಿನಿಂದ ಅವರು ನದಿಯ ಕೀಟಗಳನ್ನು ಸಂಗ್ರಹಿಸಿದರು, ವಿಂಗಡಿಸಿದರು, ಬಣ್ಣಗಳನ್ನು ಹೋಲಿಸಿದರು. 1886ರಲ್ಲಿ ತೇಲುವ ನೊಣಗಳನ್ನು ಕಟ್ಟುವ ಬಗೆಗಿನ ಗ್ರಂಥ, 1889ರಲ್ಲಿ ಅವುಗಳ ಪ್ರಯೋಗವನ್ನು ಕುರಿತ ಗ್ರಂಥ ಹೊರಬಂದವು. ಎರಡೂ ಅಪಾರ ಪರಿಶ್ರಮದ ಫಲ.

ಹಾಲ್‌ಫರ್ಡ್ ಅವರೂ ತಮ್ಮ ಕಾಲದ ರೂಢಿಯ ಎದುರು ಈಜಿದವರೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಹೊಸ ಮಾರ್ಗ ಯಶಸ್ವಿಯಾದೊಡನೆ ಅದಕ್ಕೂ ಮಡಿ ಮೈಲಿಗೆಗಳು ಅಂಟಿಕೊಂಡವು. ಸೀಮೆಸುಣ್ಣದ ಹೊಳೆಯಲ್ಲಿ ತೇಲುವ ನೊಣವೊಂದೇ ಫಲಕಾರಿ ಎಂಬ ಅನುಭವದ ಮಾತು, ತೇಲುವ ನೊಣವೊಂದೇ ಸಭ್ಯ ಎಂಬ ನೀತಿವಾಕ್ಯವಾಗಿ ಬದಲಾಯಿತು. ಶಿಷ್ಯರು ಗುರುವಿಗಿಂತ ಕಟ್ಟುನಿಟ್ಟಾದರು. ನದಿಯ ಹಕ್ಕು ದಡದ ಭೂಮಾಲೀಕರದು. ಅವರಿಂದ ಗುತ್ತಿಗೆ ಪಡೆದ ಕ್ಲಬ್ಬುಗಳು ಮುಳುಗುವ ನೊಣವನ್ನು ನಿಷೇಧಿಸಿ ನಿಯಮಗಳನ್ನು ಮಾಡಿಕೊಂಡವು. ನಿಯಮ ಮೀರಿದವನಿಗೆ ನದಿಯೂ ಇಲ್ಲ, ಗೆಳೆಯರ ಸಾಲಿನಲ್ಲಿ ಸ್ಥಾನವೂ ಇಲ್ಲ ಎಂಬ ಪರಿಸ್ಥಿತಿ ನಿರ್ಮಾಣವಾಯಿತು.

ಶಿಷ್ಯನಾಗಿ ಆರಂಭ

ಸ್ಕ್ಯೂಸ್ ಹುಟ್ಟಿದ್ದು 1858ರ ಆಗಸ್ಟ್‌ನಲ್ಲಿ, ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ಪಟ್ಟಣದಲ್ಲಿ. ತಂದೆ ಸೈನ್ಯದಲ್ಲಿ ಶಸ್ತ್ರವೈದ್ಯರು. ಬಾಲ್ಯದಲ್ಲೇ ಬ್ರಿಟನ್ನಿಗೆ ಬಂದ ಹುಡುಗ, ಪ್ರತಿಭಾ ವಿದ್ಯಾರ್ಥಿವೇತನ ಗಳಿಸಿ 1872ರಲ್ಲಿ ಹೆಸರಾಂತ ವಿಂಚೆಸ್ಟರ್ ಕಾಲೇಜು ಶಾಲೆಯನ್ನು ಸೇರಿದರು. ಶಾಲೆಯ ಪಕ್ಕದಲ್ಲೇ ಇಚೆನ್ ನದಿ. ಗಾಳದ ಹುಚ್ಚು ಹಿಡಿದದ್ದು ಅಲ್ಲಿಯೇ. ಮುಂದೆ ಕಾನೂನು ಓದಿ ಲಂಡನ್ನಿನಲ್ಲಿ ಸಾಲಿಸಿಟರ್ ವೃತ್ತಿಯನ್ನು ಕೈಗೊಂಡರು. ಮದುವೆಯಾಗಲಿಲ್ಲ. ಕಚೇರಿಯ ಕಡತಗಳ ನಡುವೆ ವಾರವನ್ನು ಕಳೆದು, ಬಿಡುವು ಸಿಕ್ಕಾಗ ವಿಂಚೆಸ್ಟರ್‌ಗೆ ತೆರಳುವುದು ಅವರ ಬದುಕಿನ ಕ್ರಮವಾಯಿತು.

1883ರಲ್ಲಿ ಪರಿಚಿತರೊಬ್ಬರ ಆಹ್ವಾನದ ಮೇರೆಗೆ ವಿಂಚೆಸ್ಟರ್‌ನ ಉತ್ತರಕ್ಕಿರುವ ಆಬಟ್ಸ್ ಬಾರ್ಟನ್ ಎಂಬ ಹರವಿನಲ್ಲಿ ಮೀನು ಹಿಡಿಯುವ ಅವಕಾಶ ಅವರಿಗೆ ದೊರೆಯಿತು. ಕ್ರಮೇಣ ಅವರು ಅಲ್ಲಿನ ಪಾಲುದಾರರಲ್ಲಿ ಒಬ್ಬರಾದರು.

ಆ ದಿನಗಳಲ್ಲಿ ಅವರು ಹಾಲ್‌ಫರ್ಡ್ ಅವರ ನಿಷ್ಠಾವಂತ ಅನುಯಾಯಿ. ಗುರುವಿನ ಗ್ರಂಥಗಳನ್ನು ಶ್ರದ್ಧೆಯಿಂದ ಓದಿದರು. ಅವುಗಳಲ್ಲಿ ಹೇಳಿದಂತೆಯೇ ನೊಣ ಕಟ್ಟಿದರು, ಹೇಳಿದಂತೆಯೇ ಬೀಸಿದರು. ಪ್ರಶ್ನಿಸುವ ಮುನ್ನ ಶಾಸ್ತ್ರವನ್ನು ಪೂರ್ತಿಯಾಗಿ ಕಲಿತ ಈ ಅವಧಿಯೇ ಅವರ ಮುಂದಿನ ವಾದಕ್ಕೆ ಬಲ ತಂದಿತು. ಒಣ ನೊಣ ಬೀಸಲು ಬಾರದವನು ಒಣ ನೊಣವನ್ನು ಹಳಿಯುತ್ತಾನೆಂದು ಯಾರೂ ಅವರತ್ತ ಬೆರಳು ತೋರುವಂತಿರಲಿಲ್ಲ.

1892ರ ಸೆಪ್ಟೆಂಬರ್

ಆ ವರ್ಷದ ಸೆಪ್ಟೆಂಬರ್‌ನ ಒಂದು ದಿನ. ಸುಡುವ ಬಿಸಿಲು, ಜೊತೆಗೆ ಸೆಕೆ. ಮೀನುಗಳು ತಿನ್ನುತ್ತಿದ್ದುದು ಕಾಣುತ್ತಿತ್ತು. ಆದರೆ ತೇಲುವ ನೊಣಕ್ಕೆ ಬಾಯಿ ಹಾಕುತ್ತಿರಲಿಲ್ಲ. ಸ್ಕ್ಯೂಸ್ ಬಳಸಿದ ನೊಣವೊಂದರ ಗರಿ ಕಳಪೆ ಗುಣಮಟ್ಟದ್ದಾಗಿತ್ತು. ಅದು ನೀರು ಕುಡಿದು ಮೇಲ್ಮೈಯಿಂದ ಕೆಳಗೆ ಮುಳುಗಿತು. ಶಾಸ್ತ್ರದ ಪ್ರಕಾರ ಆ ಬೀಸು ವ್ಯರ್ಥವಾಗಬೇಕಿತ್ತು. ಆದರೆ ಮೀನು ಅದನ್ನು ನುಂಗಿತು.

ಬೇರೊಬ್ಬರಾಗಿದ್ದರೆ ಇದನ್ನು ಕಾಕತಾಳೀಯವೆಂದು ಮರೆಯುತ್ತಿದ್ದರು; ಇಲ್ಲವೇ ಹೊಸ ಸತ್ಯ ಸಿಕ್ಕಿತೆಂದು ಮರುದಿನವೇ ಡಂಗುರ ಸಾರುತ್ತಿದ್ದರು. ಸ್ಕ್ಯೂಸ್ ಎರಡನ್ನೂ ಮಾಡಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಅವರ ಸ್ವಭಾವಕ್ಕೆ ಒಪ್ಪುತ್ತದೆ. ಆ ದಿನದ ಅನುಭವ ಪುಸ್ತಕದ ರೂಪ ತಾಳಲು ಬರೋಬ್ಬರಿ 18 ವರ್ಷಗಳು ಹಿಡಿದವು.

ಮೀನಿನ ಹೊಟ್ಟೆಯೇ ಸಾಕ್ಷಿ

ಈ ಅವಧಿಯಲ್ಲಿ ಅವರನ್ನು ಕಾಡಿದ ಪ್ರಶ್ನೆ ಸರಳವಾದದ್ದು. ಮೀನು ನಿಜವಾಗಿ ತಿನ್ನುತ್ತಿರುವುದು ಏನನ್ನು?

ಹೊಳೆಯಲ್ಲಿ ಕಾಣುವ ಓಲಿವ್ ಮುಂತಾದ ಮೇಫ್ಲೈ ಕುಲದ ಕೀಟಗಳು ತಮ್ಮ ಬಾಳಿನ ಬಹುಭಾಗವನ್ನು ನೀರಿನಡಿಯಲ್ಲೇ ಕಳೆಯುತ್ತವೆ. ಆ ಅವಸ್ಥೆಗೆ ನಿಂಫ್ ಎಂದು ಹೆಸರು. ಬೆಳೆದ ನಿಂಫ್ ಮೇಲಕ್ಕೆ ಈಜಿ ಬಂದು, ಮೇಲ್ಮೈಯಲ್ಲಿ ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತದೆ. ಹಾರಿದ ಮೇಲೆ ಅದಕ್ಕೆ ಆಹಾರವೂ ಬೇಡ. ಕೂಡಿ ಮೊಟ್ಟೆಯಿಟ್ಟು ಅಲ್ಪಕಾಲದಲ್ಲೇ ಸಾಯುತ್ತದೆ. ಹಾಲ್‌ಫರ್ಡ್ ಶಾಸ್ತ್ರವೆಲ್ಲ ರೆಕ್ಕೆ ಬಂದ ನಂತರದ ಕೀಟವನ್ನು ಕುರಿತದ್ದು. ಮೇಲಕ್ಕೆ ಏರುತ್ತಿರುವ, ಇನ್ನೂ ಪೊರೆ ಕಳಚದ, ತಪ್ಪಿಸಿಕೊಳ್ಳಲಾರದ ನಿಂಫ್ ಟ್ರೌಟ್ ಮೀನಿಗೆ ಎಷ್ಟು ಸುಲಭದ ತುತ್ತು ಎಂಬುದರ ಕಡೆಗೆ ಆ ಶಾಸ್ತ್ರದ ಗಮನ ಸಾಲದಾಗಿತ್ತು. ಮೇಲ್ಮೈಯನ್ನು ಮುರಿಯದೆ ನೀರನ್ನು ಉಬ್ಬಿಸಿ ತಿನ್ನುವ ಮೀನುಗಳ ಬಗ್ಗೆ ಹಾಲ್‌ಫರ್ಡ್ ಬರೆದಿದ್ದರು. ಆದರೆ ಅವನ್ನು ತೇಲುವ ನೊಣಕ್ಕೆ ಒಲಿಯದ ಕಷ್ಟದ ಮೀನುಗಳೆಂದು ಪರಿಗಣಿಸಿದ್ದರು. ಸ್ಕ್ಯೂಸ್ ಅವರಿಗೆ ಆ ಉಬ್ಬು ನೀರೇ ಸುಳಿವಾಯಿತು. ನೀರಿನೊಳಗೆ ನಡೆಯುತ್ತಿರುವ ಊಟದ ಗುರುತು ಅದು.

ವಕೀಲರಿಗೆ ಊಹೆ ಸಾಲದು, ಸಾಕ್ಷ್ಯ ಬೇಕು. ಊಟದ ಮೇಜಿನ ಮೇಲೆ ಮೂಳೆಯೊಳಗಿನ ಮಜ್ಜೆಯನ್ನು ತೆಗೆಯಲು ಬಳಸುವ ಉದ್ದನೆಯ ಕಿರಿದಾದ ಚಮಚವೊಂದನ್ನು ಅವರು ನದಿಗೆ ಕೊಂಡೊಯ್ಯತೊಡಗಿದರು. ಕೊಂದ ಮೀನಿನ ಬಾಯಿಯ ಮೂಲಕ ಅದನ್ನು ಇಳಿಸಿ ಹೊಟ್ಟೆಯಲ್ಲಿದ್ದುದನ್ನು ಹೊರತೆಗೆಯುತ್ತಿದ್ದರು. ಪುಟ್ಟ ಬಿಳಿ ತಟ್ಟೆಯ ನೀರಿನಲ್ಲಿ ಅದನ್ನು ಕದಡಿದಾಗ ಕೀಟಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು. ಮತ್ತೆ ಮತ್ತೆ ಕಂಡದ್ದು ನಿಂಫ್‌ಗಳ ರಾಶಿ. ಕೈ ಕಂಕಣಕ್ಕೆ ಕನ್ನಡಿ ಬೇಕಿರಲಿಲ್ಲ. ಆ ತಟ್ಟೆಯಲ್ಲಿ ಕಂಡ ನಿಂಫ್‌ಗಳ ಬಣ್ಣ, ಗಾತ್ರಗಳನ್ನು ನೋಡಿಕೊಂಡೇ ಅವರು ರೆಕ್ಕೆಗಳಿಲ್ಲದ, ಸಣಕಲು ಕೃತಕ ನಿಂಫ್‌ಗಳನ್ನು ಕಟ್ಟಿದರು.

ಗಮನಿಸಬೇಕಾದ ಅಂಶವೆಂದರೆ, ಅವರು ಹಳೆಯ ಕುರುಡು ಬೀಸಿಗೆ ಮರಳಲಿಲ್ಲ. ಮೀನನ್ನು ಮೊದಲು ಕಣ್ಣಾರೆ ಕಾಣಬೇಕು, ಅದು ತಿನ್ನುತ್ತಿರಬೇಕು, ಪ್ರವಾಹಕ್ಕೆ ಎದುರಾಗಿ ಒಂದೇ ಮೀನಿಗೆ ಬೀಸಬೇಕು, ನಿಂಫ್ ಎಳೆತವಿಲ್ಲದೆ ಸಹಜವಾಗಿ ತೇಲಿ ಬರಬೇಕು. ಹಾಲ್‌ಫರ್ಡ್ ಕಲಿಸಿದ ಈ ಶಿಸ್ತನ್ನು ಅವರು ಚಾಚೂ ತಪ್ಪದೆ ಉಳಿಸಿಕೊಂಡರು. ಬದಲಾದದ್ದು ಕೆಲವೇ ಅಂಗುಲಗಳು: ನೊಣ ಮೇಲ್ಮೈಯ ಮೇಲಿರುವ ಬದಲು ಅದರ ಕೆಳಗಿತ್ತು. ಮೀನು ರೆಕ್ಕೆಯ ಕೀಟವನ್ನೇ ತಿನ್ನುತ್ತಿದ್ದ ದಿನ ಸ್ಕ್ಯೂಸ್ ಸಂತೋಷದಿಂದ ಒಣ ನೊಣವನ್ನೇ ಕಟ್ಟುತ್ತಿದ್ದರು.

ಒಂದೇ ವರ್ಷ, ಎರಡು ಪುಸ್ತಕ

1910ನೇ ಇಸವಿ ಗಾಳದ ಸಾಹಿತ್ಯದಲ್ಲಿ ವಿಚಿತ್ರ ವರ್ಷ. ಹಾಲ್‌ಫರ್ಡ್ ತಮ್ಮ ಜೀವಮಾನದ ಅನುಭವವನ್ನು ಸಂಕ್ಷೇಪಿಸಿ, 33 ಮಾದರಿಯ ಒಣ ನೊಣಗಳಿದ್ದರೆ ಸೀಮೆಸುಣ್ಣದ ಹೊಳೆಗೆ ಸಾಕೆಂದು ಸಾರುವ ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷ ಸ್ಕ್ಯೂಸ್ ತಮ್ಮ ಮೊದಲ ಪುಸ್ತಕವನ್ನು ಹೊರತಂದರು. ಅದಕ್ಕೆ ಅವರು ಇಟ್ಟ ಹೆಸರು ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್. ಚಿಕ್ಕಪುಟ್ಟ ಉಪಾಯಗಳು ಎಂಬ ಆ ಹೆಸರಿನಲ್ಲೇ ವಿನಯವಿತ್ತು. ಒಣ ನೊಣದ ಶಾಸ್ತ್ರವನ್ನು ಉರುಳಿಸುವ ಘೋಷಣೆ ಅದರಲ್ಲಿರಲಿಲ್ಲ. ಆ ಶಾಸ್ತ್ರ ಕೈಕೊಡುವ ಸಂದರ್ಭಗಳು ಯಾವುವು, ಆಗ ಏನು ಮಾಡಬಹುದು ಎಂಬುದಷ್ಟೇ ಅದರ ವಿಷಯ.

ಇಬ್ಬರೂ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನ ಸದಸ್ಯರು, ಪರಸ್ಪರ ಪರಿಚಿತರು. ಆದರೂ ಹಾಲ್‌ಫರ್ಡ್ ಒಪ್ಪಲಿಲ್ಲ. 1913ರಲ್ಲಿ ಬಂದ ತಮ್ಮ ಕೊನೆಯ ಪುಸ್ತಕದಲ್ಲೂ ಅವರು ಮುಳುಗುವ ನೊಣದ ಬಗ್ಗೆ ಆಕ್ಷೇಪವನ್ನೇ ದಾಖಲಿಸಿದರು. ಮರುವರ್ಷ ತೀರಿಕೊಂಡರು. ಗುರು ಹೋದರೂ ಗುರುವಿನ ಮಠ ಉಳಿಯಿತು.

ಹಾಲ್‌ಫರ್ಡ್ ವಿಧಾನವನ್ನು ಅಮೆರಿಕಕ್ಕೆ ಕೊಂಡೊಯ್ದ ಥಿಯೋಡರ್ ಗಾರ್ಡನ್ ಅವರ ಕಥೆ ಇಲ್ಲಿ ನೆನಪಾಗುವಂಥದ್ದು. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ವಾಸಿಸುತ್ತಿದ್ದ ಗಾರ್ಡನ್ ಅವರಿಗೆ 1890ರಲ್ಲಿ ಹಾಲ್‌ಫರ್ಡ್ ಸ್ವತಃ ನೊಣಗಳ ಮಾದರಿಗಳನ್ನು ಅಂಚೆಯಲ್ಲಿ ಕಳುಹಿಸಿದ್ದರು. ಆದರೆ ಅಮೆರಿಕದ ಹೊಳೆಗಳು ರಭಸದವು, ಅಲ್ಲಿನ ಕೀಟಗಳೂ ಬೇರೆ. ಗಾರ್ಡನ್ ತತ್ತ್ವವನ್ನು ಇಟ್ಟುಕೊಂಡು ಮಾದರಿಗಳನ್ನು ಬದಲಿಸಿದರು. ಅವರು ಸ್ಕ್ಯೂಸ್ ಅವರೊಂದಿಗೂ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಒಂದು ನದಿಯಲ್ಲಿ ಹುಟ್ಟಿದ ನಿಯಮ ಇನ್ನೊಂದು ನದಿಗೆ ಹೊಂದಲೇಬೇಕೆಂದಿಲ್ಲ ಎಂಬ ತಿಳಿವು ಇಬ್ಬರಲ್ಲೂ ಇತ್ತು.

ನರಕದ ಕಥೆ

1921ರಲ್ಲಿ ಸ್ಕ್ಯೂಸ್ ಅವರ ಎರಡನೆಯ ಮಹತ್ವದ ಗ್ರಂಥ ಪ್ರಕಟವಾಯಿತು. ಟ್ರೌಟ್ ಮೀನಿಗೆ ನೀರಿನೊಳಗಿನಿಂದ ನೊಣ ಹೇಗೆ ಕಾಣುತ್ತದೆ, ಬೆಳಕು ಮತ್ತು ಬಣ್ಣ ಅದರ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬುದನ್ನು ಅಲ್ಲಿ ಚರ್ಚಿಸಿದರು. ಪತ್ರಿಕೆಗಳಲ್ಲಿ ವ್ಯಾಲ್ ಕಾನ್ಸನ್, ಸೀಫೋರ್ತ್ ಅಂಡ್ ಸೋಫೋರ್ತ್ ಮುಂತಾದ ಗುಪ್ತನಾಮಗಳಲ್ಲಿ ಅವರು ಬರೆದ ಲೇಖನಗಳಿಗೆ ಲೆಕ್ಕವಿಲ್ಲ.

ಅವರ ಬರಹಗಳಲ್ಲಿ ಇಂದಿಗೂ ಹೆಚ್ಚು ಓದಲ್ಪಡುವುದು 1932ರ ಸಂಕಲನದಲ್ಲಿರುವ ಕ್ಯಾಸ್ಟ್‌ವೆಲ್ ಎಂಬಾತನ ಕಥೆ. ಸತ್ತ ಗಾಳಗಾರನೊಬ್ಬ ಸುಂದರ ಹೊಳೆಯ ದಡಕ್ಕೆ ಬಂದು ಸೇರುತ್ತಾನೆ. ಬೀಸಿದೊಡನೆ ದಪ್ಪನೆಯ ಮೀನು ಸಿಗುತ್ತದೆ. ಮತ್ತೆ ಬೀಸಿದರೆ ಅದೇ ಜಾಗದಲ್ಲಿ ಅಷ್ಟೇ ತೂಕದ ಇನ್ನೊಂದು. ಅದು ಮುಗಿಯುವುದೇ ಇಲ್ಲ. ತಾನು ಸೇರಿರುವುದು ಸ್ವರ್ಗವನ್ನಲ್ಲ, ನರಕವನ್ನು ಎಂಬುದು ಅವನಿಗೆ ನಿಧಾನವಾಗಿ ಹೊಳೆಯುತ್ತದೆ. ಸಂದೇಹಕ್ಕೂ ಸೋಲಿಗೂ ಎಡೆಯಿಲ್ಲದ ಕಡೆ ಆಟವೇ ಇಲ್ಲ ಎಂಬ ಸ್ಕ್ಯೂಸ್ ಅವರ ನಂಬಿಕೆಗೆ ಆ ಕಥೆ ಕನ್ನಡಿ.

1938ರ ವಿಚಾರಣೆ

ಎಂಬತ್ತರ ಹೊಸ್ತಿಲಲ್ಲಿ ಈ ವೃದ್ಧ ವಕೀಲರು ತಮ್ಮ ಪರವಾಗಿ ತಾವೇ ವಾದ ಮಂಡಿಸುವ ಸಂದರ್ಭ ಎದುರಾಯಿತು. 1938ರ ಫೆಬ್ರವರಿಯಲ್ಲಿ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ನಿಂಫ್ ವಿಧಾನವನ್ನು ಕುರಿತು ಚರ್ಚೆ ಏರ್ಪಟ್ಟಿತು. ಅಂದಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ಅವರ ಆಪ್ತರಾಗಿದ್ದ ಸರ್ ಜೋಸೆಫ್ ಬಾಲ್ ಶುದ್ಧ ಒಣ ನೊಣದ ಪಕ್ಷದ ಮುಂದಾಳು. ನಿಂಫ್ ಬಳಸುವುದರಿಂದ ಹೊಳೆಗೆ ಹಾನಿ, ಆಟದ ಸಭ್ಯತೆಗೆ ಕುಂದು ಎಂಬುದು ವಿರೋಧಿಗಳ ನಿಲುವಾಗಿತ್ತು.

ಈ ಆಕ್ಷೇಪಗಳನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಒಣ ನೊಣದ ನಿಯಮ ಒಂದು ಒಳಿತನ್ನು ಕಾಪಾಡಿತ್ತು. ಕಂಡ ಕಂಡಲ್ಲಿ ನೀರು ಕಲಕಿ, ಸಿಕ್ಕ ಸಿಕ್ಕ ಮೀನನ್ನು ಗಾಯಗೊಳಿಸುವವರಿಂದ ಹೊಳೆಯನ್ನು ಅದು ರಕ್ಷಿಸಿತ್ತು. ನಿಂಫ್ ಹೆಸರಿನಲ್ಲಿ ಹಳೆಯ ಕುರುಡು ಬೀಸು ಹಿಂಬಾಗಿಲಿನಿಂದ ಬಂದೀತೆಂಬ ಭಯ ಸುಳ್ಳಲ್ಲ. ಆದರೆ ತಮ್ಮ ವಿಧಾನ ಅದಲ್ಲವೆಂದು ಸ್ಕ್ಯೂಸ್ ದಶಕಗಳಿಂದ ಬರೆಯುತ್ತಲೇ ಬಂದಿದ್ದರು. ಒಂದು ಪಕ್ಷ ನದಿಯಲ್ಲಿ ಕಂಡದ್ದನ್ನು ಹೇಳುತ್ತಿತ್ತು. ಇನ್ನೊಂದು ಪಕ್ಷ ನದಿಯಲ್ಲಿ ಹೇಗಿರಬೇಕೆಂಬುದನ್ನು ಹೇಳುತ್ತಿತ್ತು. ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಸಿಗುವುದು ಸಾಧ್ಯವಿರಲಿಲ್ಲ.

ಆಬಟ್ಸ್ ಬಾರ್ಟನ್‌ನ ಪಾಲುದಾರರೂ ಅವರ ನಿಂಫ್‌ಗಳನ್ನು ಸಹಿಸದಾದರು. ಅದೇ ವರ್ಷ ಸ್ಕ್ಯೂಸ್ ತಾವು 1883ರಿಂದ ಬಲ್ಲ ಹೊಳೆಯನ್ನು ತೊರೆದರು. ಅದರ ಒಂದೊಂದು ತಿರುವಿನ ಮೀನಿನ ಸ್ವಭಾವವನ್ನೂ ಬಲ್ಲ ಮನುಷ್ಯ, ಎಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಗೆ ಹೊರಗಿನವರಾದರು. ನಿಂಫ್ ಬಿಟ್ಟು ಒಣ ನೊಣಕ್ಕೆ ಮರಳುವೆನೆಂದು ಒಪ್ಪಿಕೊಂಡಿದ್ದರೆ ಹೊಳೆ ಉಳಿಯುತ್ತಿತ್ತೇನೋ. ಅವರು ಒಪ್ಪಿಕೊಳ್ಳಲಿಲ್ಲ. ಮರುವರ್ಷ, 1939ರಲ್ಲಿ, ಸೀಮೆಸುಣ್ಣದ ಹೊಳೆಯ ನಿಂಫ್ ವಿಧಾನವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು.

ಕೊನೆಯ ವರ್ಷಗಳು

ಕೊನೆಗಾಲದ ಬಹುಭಾಗವನ್ನು ಅವರು ವಿಲ್ಟ್‌ಶೈರ್ ಪ್ರಾಂತ್ಯದ ನ್ಯಾಡರ್ ನದಿಯ ಬಳಿ ಕಳೆದರು. ಈ ಅವಧಿಯಲ್ಲಿ ಅವರಿಗೆ ದೊರೆತ ಸ್ನೇಹ ಫ್ರಾಂಕ್ ಸಾಯರ್ ಎಂಬ ನದಿ ಕಾವಲುಗಾರರದು. ಏವನ್ ನದಿಯ ನೀರನ್ನು ನೋಡಿಕೊಳ್ಳುತ್ತಿದ್ದ ಈ ಗ್ರಾಮೀಣ ವ್ಯಕ್ತಿಯ ಕಣ್ಣು ಚುರುಕೆಂದು ಗುರುತಿಸಿದ ಸ್ಕ್ಯೂಸ್, ಅವರನ್ನು ಬರೆಯುವಂತೆ ಪ್ರೋತ್ಸಾಹಿಸಿದರು.

ಸಾಯರ್ ಸ್ಕ್ಯೂಸ್ ಅವರ ಮಾತನ್ನೂ ವೇದವಾಕ್ಯವಾಗಿ ಸ್ವೀಕರಿಸಲಿಲ್ಲ. ಸ್ಕ್ಯೂಸ್ ಅವರ ನಿಂಫ್ ಮೇಲ್ಮೈಯ ತುಸುವೇ ಕೆಳಗೆ ತೇಲುತ್ತಿತ್ತು. ಸಾಯರ್ ರೇಷ್ಮೆಯ ಬದಲು ಸಪೂರವಾದ ತಾಮ್ರದ ತಂತಿಯಿಂದ ನಿಂಫ್ ಕಟ್ಟಿ ಅದನ್ನು ಆಳಕ್ಕೆ ಇಳಿಸಿದರು. ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿಯಿಂದ ಅವರು ಕಟ್ಟಿದ ಮಾದರಿ ಇಂದು ಟ್ರೌಟ್ ಇರುವ ದೇಶಗಳಲ್ಲೆಲ್ಲ ಬಳಕೆಯಲ್ಲಿದೆ. ಹಾಲ್‌ಫರ್ಡ್ ಅವರಿಂದ ಸ್ಕ್ಯೂಸ್, ಸ್ಕ್ಯೂಸ್ ಅವರಿಂದ ಸಾಯರ್, ಹೀಗೆ ಪ್ರತಿಯೊಬ್ಬರೂ ಹಿಂದಿನವರ ವಿದ್ಯೆಯನ್ನು ಕಲಿತು, ಅದು ನಿಂತ ಜಾಗದಿಂದ ಮುಂದಕ್ಕೆ ನಡೆದರು.

1949ರ ಆಗಸ್ಟ್‌ನಲ್ಲಿ, 91 ವರ್ಷ ತುಂಬಲು ಕೆಲವೇ ದಿನಗಳಿದ್ದಾಗ ಸ್ಕ್ಯೂಸ್ ನಿಧನರಾದರು. ಅವರ ಚಿತಾಭಸ್ಮವನ್ನು ಇಚೆನ್ ನದಿಯ ಆಬಟ್ಸ್ ಬಾರ್ಟನ್ ಹರವಿನಲ್ಲಿಯೇ ಚೆಲ್ಲಲಾಯಿತು.

ಪ್ರಶ್ನಿಸುವ ಹೊತ್ತು

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎನ್ನುವವರು ನಮ್ಮಲ್ಲಿ ಬಹಳ. ಮರವನ್ನು ಯಾವಾಗ ಪ್ರಶ್ನಿಸಬೇಕು, ಯಾವಾಗ ಅದರ ನೆರಳಲ್ಲಿ ಕೂರಬೇಕು ಎಂದು ತಿಳಿದವರು ಕಡಿಮೆ. ಸ್ಕ್ಯೂಸ್ ಅವರ ಬದುಕು ಈ ವಿವೇಕಕ್ಕೆ ಒಂದು ಅಳತೆಗೋಲು. ರೂಢಿಯನ್ನು ಅವರು ಮೊದಲು ಸಂಪೂರ್ಣವಾಗಿ ಕಲಿತರು. ಕಣ್ಣೆದುರಿನ ಸಂಗತಿ ರೂಢಿಗೆ ಹೊಂದದಿದ್ದಾಗ ಮಾತ್ರ ಸಂಶಯಪಟ್ಟರು. ಒಂದು ಬಾರಿಯ ಅನುಭವವನ್ನು ನಂಬದೆ ವರ್ಷಗಳ ಕಾಲ ಪರೀಕ್ಷಿಸಿದರು. ರೂಢಿ ಕಾಯ್ದುಕೊಂಡು ಬಂದ ಒಳಿತನ್ನು ಕೈಬಿಡದೆ, ಅದರ ತಪ್ಪನ್ನಷ್ಟೇ ತಿದ್ದಿದರು. ತಿದ್ದಿದ ಮೇಲೆ, ನಷ್ಟವಾದರೂ ಮಾತು ಬದಲಿಸಲಿಲ್ಲ.

ಇಂಗ್ಲೆಂಡಿನ ಸೀಮೆಸುಣ್ಣದ ಹೊಳೆಗಳ ಕೆಲವು ಹರವುಗಳಲ್ಲಿ ಈಗಲೂ ಒಣ ನೊಣ ಮಾತ್ರ ಎಂಬ ನಿಯಮವಿದೆ. ಇನ್ನು ಕೆಲವೆಡೆ ಜುಲೈ ತಿಂಗಳಿನಿಂದ ನಿಂಫ್‌ಗೆ ಅನುಮತಿಯಿದೆ. ವಾದ ಇನ್ನೂ ಮುಗಿದಿಲ್ಲ. ಆದರೆ ಟ್ರೌಟ್ ಮೀನು ತನ್ನ ಆಹಾರದ ಬಹುಪಾಲನ್ನು ಹುಡುಕುವುದು ನೀರಿನೊಳಗೆ ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಅಷ್ಟನ್ನು ಒಪ್ಪಿಸಲು ಒಬ್ಬ ಸಾವಧಾನಿ ವಕೀಲರಿಗೆ ಒಂದು ಚಮಚ, ಒಂದು ಬಿಳಿ ತಟ್ಟೆ ಮತ್ತು ಒಂದು ಇಡೀ ಆಯುಷ್ಯ ಬೇಕಾಯಿತು.